ನೋಮ್ ಬಂದಾಗ ಕಿಟಕಿ ತೆರೆದಿಡಿ

ಹೈಫಾಂಗ್
4 ಮಾರ್ಚ್ 2018

ಲುವಾ,

ಕ್ಷೇಮ ಸಮಾಚಾರ ಆಮೇಲೆ. ನಿನ್ನ ಗಂಡ ಹಾಕಿಕೊಟ್ಟ ನೆಲ ಎದ್ದಿದೆ.

ಫೋನ್ ಯಾಕೆ ಮಾಡಲಿಲ್ಲ ಎಂದು ಕೇಳಬೇಡ. ಫೋನಿನಲ್ಲಿ ನೀನು ಅಳುತ್ತೀಯ, ನಾನು ಮೆತ್ತಗಾಗುತ್ತೇನೆ, ಮಾತು ಎಲ್ಲೆಲ್ಲೋ ಸುತ್ತಿ ನಿನ್ನ ಮಕ್ಕಳ ಪರೀಕ್ಷೆಯ ಹತ್ತಿರ ಹೋಗಿ ನಿಲ್ಲುತ್ತದೆ. ಅದಕ್ಕೇ ಚುಕ್ಕಿ ಚುಚ್ಚುವ ಮೊಳೆ ಹಿಡಿದು ಕೂತಿದ್ದೇನೆ. ಬ್ರೈಲ್ ಚುಕ್ಕಿಗಳಲ್ಲಿ ಯಾರೂ ಅಳುವುದಕ್ಕಾಗುವುದಿಲ್ಲ. ಏಳು ವರ್ಷದವಳಿದ್ದಾಗ ನನ್ನ ಪಕ್ಕ ಕೂತು ಕಲಿತದ್ದು, ಮರೆತಿಲ್ಲ ತಾನೇ? ಬೆರಳು ಮರೆತಿದ್ದರೆ ಕಣ್ಣಿಂದ ಓದು. ನಿನಗೆ ಅದಿದೆಯಲ್ಲ.

ಬೀದಿ ಕಡೆಯ ದೊಡ್ಡ ಕೋಣೆಯಲ್ಲಿ ಹಲಗೆ ಹಲಗೆ ಕೂಡುವ ಕಡೆಯೆಲ್ಲ ಅಂಚು ಉಬ್ಬಿದೆ. ನಡುವೆ ಎರಡು ಸಾಲು ಒಂದನ್ನೊಂದು ನೂಕಿಕೊಂಡು ಮೇಲೆದ್ದು ನಿಂತಿವೆ. ಕಾಲಿಟ್ಟರೆ ಕೆಳಗೆ ಹೋಗುತ್ತದೆ, ಎತ್ತಿದರೆ ಟಪ್ ಎಂದು ಮೇಲೆ ಬರುತ್ತದೆ. ನಿನ್ನೆ ಒಬ್ಬ ಗಿರಾಕಿ ನಕ್ಕುಬಿಟ್ಟ: "ಏನ್ರೀ, ನಿಮ್ಮನೇಲಿ ನೆಲಾನೇ ಮಾಲೀಶು ಮಾಡುತ್ತಲ್ಲ!" ಮನೆಯ ಉಳಿದ ಐದು ಜನ ನಗಲಿಲ್ಲ. ನಾನಂತೂ ನಗಲಿಲ್ಲ.

ಮಾಲೀಶು ಮಾಡಿ ಬದುಕುವ ಈ ಮನೆಯಲ್ಲಿ ನಾವು ಆರು ಜನ ಕುರುಡರು. ಹೊರಗೆ ಹೋಗುವಾಗ ಕೋಲು, ಒಳಗೆ ಬಂದ ತಕ್ಷಣ ಅದು ಬಾಗಿಲ ಪಕ್ಕದ ಗೂಟಕ್ಕೆ. ಮನೆಯೊಳಗೆ ಬರಿಗಾಲಿನಲ್ಲಿ ಕೈಬೀಸಿಕೊಂಡು ಓಡಾಡುತ್ತೇವೆ, ಬಿಸಿ ಟವೆಲ್ಲಿನ ಬೋಗುಣಿ ಹಿಡಿದುಕೊಂಡೂ ಎಡವುವುದಿಲ್ಲ. ಈಗ ನಾಲ್ಕು ದಿನದಿಂದ ಆರೂ ಜನ ಮನೆಯೊಳಗೆ ಕೋಲು ಹಿಡಿದಿದ್ದೇವೆ. ಸ್ವಂತ ಮನೆಯಲ್ಲಿ ಕೋಲು ಕುಟ್ಟಿಕೊಂಡು ಕಕ್ಕಸಿಗೆ ಹೋಗುವುದು ಎಂಥ ಅವಮಾನ ಅನ್ನುವುದು ನಿನಗೆ ಗೊತ್ತಾಗಲಾರದು.

ಈ ಮರದ ನೆಲ ಯಾಕೆ ಹಾಕಿಸಿದ್ದು, ನೆನಪಿದೆಯೇ? ನಮ್ಮ ಆರು ಜನರಲ್ಲಿ ಹಿರಿಯಳಾದ ಮಿಯೆನ್ ಅಕ್ಕನಿಗಾಗಿ. ಕಳೆದ ವರ್ಷ ಟೈಲ್ಸ್ ಮೇಲೆ ನೀರಿದ್ದು ಅವಳು ಜಾರಿ ಬಿದ್ದಳು, ಎಡಗೈ ಮಣಿಕಟ್ಟು ಮುರಿಯಿತು. ನಾಲ್ಕು ತಿಂಗಳು ಕೈಕಟ್ಟಿ ಕೂತಳು. "ಇದೇ ಮೂಳೆ ಇನ್ನೊಂದು ಸಲ ಹೋದ್ರೆ ಬೆನ್ನು ಒತ್ತೋ ಕೆಲಸದ ಆಸೆ ಬಿಟ್ಬಿಡಿ" ಎಂದು ಡಾಕ್ಟರು ನನ್ನ ಎದುರಿಗೇ ಹೇಳಿದರು. ಮಾಲೀಶು ಮಾಡುವವಳಿಗೆ ಮಣಿಕಟ್ಟೇ ಕಣ್ಣು. ಅವಳಿಗೆ ಬೇರೆ ಕಣ್ಣಿಲ್ಲ. ಉಳಿದವರು ಟೈಲ್ಸ್ ಮೇಲೆ ಚಾಪೆ ಹಾಸಿದರೆ ಸಾಕು ಅಂದಾಗ ಮನೆಯ ಯಜಮಾನನಾದ ನಾನು ಎದೆ ತಟ್ಟಿಕೊಂಡು ಹೇಳಿದೆ: "ನನ್ನ ತಂಗಿ ಮನೆಯವರು ಹಾಕೋದು. ನೆಲದ ಚಿಂತೆ ನನಗೆ ಬಿಡಿ."

ಒಂದು ತೊಟ್ಟು ನೀರು ಚೆಲ್ಲಿಲ್ಲ. ಒದ್ದೆ ಬಟ್ಟೆ ಸೋಕಿಸಿಲ್ಲ. ಹೊಸ ವರ್ಷದ ಟೆಟ್ ಹಬ್ಬದವರೆಗೆ ನೆಲ ಮಗುವಿನ ಕೆನ್ನೆಯಷ್ಟು ನಯವಾಗಿತ್ತು. ಹಬ್ಬ ಮುಗಿದ ಮೇಲೆ ಸಮುದ್ರದ ಕಡೆಯಿಂದ ನೋಮ್ ಗಾಳಿ ಬಂತು. ನೀನು ಚುಕ್ಕಿಯಲ್ಲಿ ಒತ್ತಿ ಕಳಿಸಿದ ಸೂಚನೆಯ ಹಾಳೆ ನನ್ನ ಮಂಚದ ತಲೆಯ ಬಳಿಯೇ ಇದೆ. "ನೋಮ್ ಬಂದಾಗ ಕಿಟಕಿಗಳನ್ನೆಲ್ಲ ತೆರೆದಿಡಿ. ಹಲಗೆಗೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ." ಹಾಗೆಯೇ ಮಾಡಿದೆವು. ಎಂಟು ದಿನಕ್ಕೆ ನೆಲ ಎದ್ದು ಕೂತಿತು.

ನಿನ್ನ ಗಂಡ ಯಾವ ಹಲಗೆ ತಂದದ್ದು, ಲುವಾ? ಗೋದಾಮಿನ ಮೂಲೆಯಲ್ಲಿ ಬಿದ್ದಿದ್ದನ್ನು ಕುರುಡರ ಮನೆಗೆ ಸಾಗಹಾಕಿದನೇ? ಅವರಿಗೇನು ಕಾಣುತ್ತದೆ ಅಂದುಕೊಂಡನೇ? ನಮಗೆ ಕಾಲಿದೆ ಎಂದು ಹೇಳು.

ದ್ವಾನ್


ಕ್ವಿನ್ಯೋನ್
13 ಮಾರ್ಚ್ 2018

ಅಣ್ಣಾ,

ಪತ್ರ ಬಂತು. ಮೂರು ಕಡೆ ಕಾಗದ ತೂತಾಗುವ ಹಾಗೆ ಚುಚ್ಚಿದ್ದೀಯ. "ಸಾಗಹಾಕಿದನೇ" ಅನ್ನುವಲ್ಲಿ ಬೆರಳು ಆಚೆ ಕಡೆಗೇ ಹೋಯಿತು. ತೂತನ್ನೂ ಓದಿದೆ, ಅರ್ಥವಾಯಿತು.

ನನ್ನ ಗಂಡ ತ್ರಿಯೆಮ್ ಆ ಹಲಗೆಯ ತುಂಡೊಂದನ್ನು ನಿನ್ನ ಕಣ್ಣೆದುರು ಅಲ್ಲ, ನಿನ್ನ ಕೈಗೇ ಕೊಟ್ಟ. ಒಂದು ಹಗಲು ಒಂದು ರಾತ್ರಿ ಬಕೆಟ್ಟಿನಲ್ಲಿ ಮುಳುಗಿಸಿಟ್ಟು, ತೆಗೆದು, ಮತ್ತೆ ನಿನ್ನ ಕೈಗಿಟ್ಟು, "ಅಣ್ಣ, ಎಷ್ಟು ಊದಿದೆ ನೋಡಿ ಹೇಳಿ" ಅಂದ. ನೀನು ಉಗುರಿನಿಂದ ಅಳೆದು "ಏನೂ ಇಲ್ವಲ್ಲೋ" ಅಂದೆ. ಮರೆತೆಯಾ? ಮರದ ಪುಡಿಯನ್ನು ಒತ್ತಿ ಮಾಡಿದ್ದರಲ್ಲಿ ಅದಕ್ಕಿಂತ ಗಟ್ಟಿಯಾದದ್ದು ಅವನ ಅಂಗಡಿಯಲ್ಲಿಲ್ಲ. ಲಾರಿಯಲ್ಲಿ ಹಲಗೆಯ ಜೊತೆ ತಾನೂ ಕೂತು ಎರಡು ದಿನ ಒಣ ಬ್ರೆಡ್ ತಿಂದುಕೊಂಡು ಬಂದ. ಬಂದವನು ತಕ್ಷಣ ಹಾಕಲೂ ಇಲ್ಲ. ಹಲಗೆಗೆ ಮನೆಯ ಹವೆ ಅಭ್ಯಾಸವಾಗಲಿ ಎಂದು ಮೂರು ದಿನ ಕಟ್ಟು ಬಿಚ್ಚಿ ಇಟ್ಟ. ಕೆಳಗೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಫೋಮ್, ನಾಲ್ಕು ಗೋಡೆಗೂ ಬೆರಳಗಲ ಜಾಗ ಬಿಟ್ಟು ಮೇಲೆ ಪಟ್ಟಿ ಮುಚ್ಚಿದ. ಮರ ಹಿಗ್ಗಿದರೆ ಹಿಗ್ಗಲಿ ಎಂದು. ಇಷ್ಟು ಮಾಡಿದವನನ್ನು ಕಳ್ಳ ಅನ್ನುತ್ತೀಯ.

ಈಗ ನಾನು ಕೇಳುತ್ತೇನೆ. ಗಿರಾಕಿಗಳು ಕಾಲು ನೆನೆಸುವ, ಸೊಪ್ಪು ಹಾಕಿದ ಬಿಸಿನೀರಿನ ಬಕೆಟ್ಟುಗಳನ್ನು ಎಲ್ಲಿಡುತ್ತೀರಿ? ಆ ಸೊಪ್ಪಿನ ನೀರು ತುಳುಕುವುದು ನಿಮಗೆ ಹೇಗೆ ತಿಳಿಯುತ್ತದೆ? ಮಿಯೆನ್ ಅಕ್ಕ ಕಳೆದ ವರ್ಷ ಬಿದ್ದದ್ದೂ ಅದೇ ನೀರಿನಿಂದಲೇ ಇರಬೇಕು. ಇನ್ನು ಅಡುಗೆ ಮಾಡುವ ಗಾಮ್ ಅಜ್ಜಿ. ಟೆಟ್ ಹಿಂದಿನ ದಿನ ಆ ಮುದುಕಿ ಬಕೆಟ್ ನೀರು ಹೊಯ್ದು ನೆಲ ತೊಳೆದೇ ಇರುತ್ತಾಳೆ, ಇಲ್ಲ ಅಂದರೆ ನಾನು ನಂಬುವುದಿಲ್ಲ. ನಮ್ಮಮ್ಮನಿಗೇ ಹಬ್ಬದ ಶುದ್ಧಿ ಕಲಿಸಿದವಳು ಅವಳು.

ಕಿಟಕಿ ತೆರೆದೆವು ಎಂದು ಬರೆದಿದ್ದೀಯ. ಎಷ್ಟು ತೆರೆದಿರಿ, ಗೇಣಗಲವೇ? ಗಿರಾಕಿ ಅಂಗಿ ಬಿಚ್ಚಿ ಮಲಗಿರುತ್ತಾನೆ, ಅವನಿಗೆ ಗಾಳಿ ಬಡಿಯಬಾರದು ಎಂದು ನೀನು ಮೊದಲಿನಿಂದಲೂ ಕಿಟಕಿ ಮುಚ್ಚುವವನೇ. ಮನೆಯೊಳಗಿನ ಬಿಸಿನೀರಿನ ಹಬೆ ಎಲ್ಲಿಗೆ ಹೋಗಬೇಕು? ನೆಲದೊಳಕ್ಕೆ ಹೋಗಿದೆ. ಇನ್ನೊಂದು ಸಲ ಬರೆಯುತ್ತೇನೆ, ಬೆರಳಿಟ್ಟು ಸರಿಯಾಗಿ ಓದು. ನೋಮ್ ಬಂದಾಗ ಕಿಟಕಿ ತೆರೆ. ಎಲ್ಲವನ್ನೂ ತೆರೆ. ಪೂರ್ತಿ ತೆರೆ.

ಮಕ್ಕಳು ಚೆನ್ನಾಗಿದ್ದಾರೆ. ನೀನು ಕೇಳಲಿಲ್ಲ, ಆದರೂ ಬರೆದೆ.

ಲುವಾ


ಹೈಫಾಂಗ್
21 ಮಾರ್ಚ್ 2018

ಶ್ರೀಮತಿ ಲುವಾ ಅವರಿಗೆ,

ತಮ್ಮ ಅಪ್ಪಣೆಯಂತೆ ನಾಲ್ಕು ಕಿಟಕಿ, ಎರಡು ಬಾಗಿಲು. ಗೇಣಗಲವಲ್ಲ, ರೆಕ್ಕೆ ಗೋಡೆಗೆ ಬಡಿಯುವಷ್ಟು. ಮುಚ್ಚಿಕೊಳ್ಳದಿರಲಿ ಎಂದು ಇಟ್ಟಿಗೆ ಅಡ್ಡ ಇಟ್ಟಿದ್ದೇನೆ. ಇವತ್ತಿಗೆ ನಾಲ್ಕು ದಿನ. ಇನ್ನೂ ಇಡುತ್ತೇನೆ. ನಿಮ್ಮ ಯಜಮಾನರ ಹಲಗೆಗೆ ಏನಾಗುತ್ತದೋ ನೋಡಿಯೇಬಿಡೋಣ.

ಬಕೆಟ್ಟುಗಳ ವಿಚಾರ. ಕಾಲು ನೆನೆಸುವುದು ಹಿಂದಿನ ಅಂಗಳದಲ್ಲಿ. ಅಲ್ಲಿರುವುದು ಸಿಮೆಂಟು. ನೆಲ ಎದ್ದಿರುವುದು ಬೀದಿ ಕಡೆಯ ಕೋಣೆಯಲ್ಲಿ. ಸೊಪ್ಪಿನ ನೀರು ಅಂಗಳದಿಂದ ಹಾರಿ ಬಂತೇ? ಗಾಮ್ ಅಜ್ಜಿ ಟೆಟ್ ಹಿಂದಿನ ದಿನ ಒಣ ಬಟ್ಟೆ ಹಿಡಿದುಕೊಂಡು ಮಂಡಿಯೂರಿ ಇಡೀ ಮನೆ ಒರೆಸಿದಳು, ಎಪ್ಪತ್ತೊಂದನೆಯ ವಯಸ್ಸಿನಲ್ಲಿ. ನಿನ್ನ ಪತ್ರ ಓದಿ ಹೇಳಿದೆ. "ಅವಳು ಚಿಕ್ಕೋಳಿದ್ದಾಗ ಮೂಗು ಒರೆಸಿದ್ದೂ ಇದೇ ಕೈ ಅಂತ ಬರಿ" ಅಂದಳು. ಬರೆದಿದ್ದೇನೆ.

ನೀನು ದಕ್ಷಿಣದ ರೈಲು ಹತ್ತಿ ಹದಿನೈದು ವರ್ಷವಾಯಿತು. "ಎರಡು ವರ್ಷ ಅಷ್ಟೇ ಅಣ್ಣ" ಅಂದಿದ್ದೆ. ಅಲ್ಲಿ ಬಿಸಿಲು ಕಾಯಿಸಿಕೊಂಡು, ಮೀನಿನ ವಡೆ ತಿಂದುಕೊಂಡು, ಇಲ್ಲಿಯವರು ತಮ್ಮ ಮನೆಯ ಕಿಟಕಿ ಎಷ್ಟು ತೆರೆಯಬೇಕೆಂದು ಕಾಗದ ಬರೆಯುತ್ತೀಯ. ಕಣ್ಣಿದ್ದವರಿಗೆ ಎಲ್ಲಿದ್ದರೂ ಎಲ್ಲವೂ ಕಾಣುತ್ತದಪ್ಪ.

ದ್ವಾನ್


ಕ್ವಿನ್ಯೋನ್
31 ಮಾರ್ಚ್ 2018

ಅಣ್ಣಾ,

ಈ ಸಲದ ಪತ್ರವನ್ನು ತ್ರಿಯೆಮ್ ಊಟಕ್ಕೆ ಕೂತಾಗ ನೋಡಿಬಿಟ್ಟ. ಅವನಿಗೆ ಚುಕ್ಕಿ ಬರುವುದಿಲ್ಲ, ನನ್ನ ಮುಖ ಓದಲು ಬರುತ್ತದೆ. "ಏನಂತೆ ಅಣ್ಣಂದು?" ಅಂದ. ನೆಲ ಸ್ವಲ್ಪ ಎದ್ದಿದೆಯಂತೆ ಅಂದೆ. ಅನ್ನದ ಬಟ್ಟಲು ಕೆಳಗಿಟ್ಟ. "ಸ್ವಲ್ಪ ಅಂದ್ರೆ ಎಷ್ಟು? ನಾನು ನಾಳೆ ಬಸ್ ಹತ್ತುತ್ತೀನಿ. ನೆಲ ನೋಡ್ದೆ ಏನು ಹೇಳೋದು?" ನಾನು ಹೋಗಬೇಡ ಅಂದೆ. ಹೋಗಿ ಏನು ಮಾಡುವುದು, ಕಳ್ಳ ಅನ್ನಿಸಿಕೊಂಡು ಬರುವುದೇ? ನನ್ನ ಗಂಡ ಬಾಗಿಲಲ್ಲಿ ನಿಂತು ಬೈಸಿಕೊಳ್ಳುವುದು ನನಗೆ ಬೇಡ.

ಹಲಗೆ ಕೆಟ್ಟದ್ದು ಅನ್ನುತ್ತೀಯಲ್ಲ, ನಮ್ಮ ಮನೆಯಲ್ಲಿರುವುದೂ ಅದೇ ಹಲಗೆ. ಒಂಬತ್ತು ವರ್ಷವಾಯಿತು. ಬಾ, ಬಂದು ಕಾಲಿಟ್ಟು ನೋಡು. ಈಗ ಇಲ್ಲಿ ನೋಮ್ ಶುರುವಾಗಿದೆ. ಮಧ್ಯಾಹ್ನ ಮೂರು ಗಂಟೆ ಆಗುವುದನ್ನೇ ನಮ್ಮತ್ತೆ ಬಾಗಿಲಲ್ಲಿ ಮಣೆ ಹಾಕಿಕೊಂಡು ಕಾಯುತ್ತಾರೆ. ತೆಂಗಿನ ಗರಿ ಅಲ್ಲಾಡಿದ ತಕ್ಷಣ ಕೂಗುತ್ತಾರೆ: "ನೋಮ್ ಬಂತು ಕಣ್ರೇ, ಬಾಗ್ಲು ತೆಗೀರಿ, ಕಿಟಕಿ ತೆಗೀರಿ!" ಇಡೀ ಬೀದಿಯ ಕಿಟಕಿಗಳು ಪಟಪಟ ತೆರೆದುಕೊಳ್ಳುತ್ತವೆ. ಬೆಳಗಿನಿಂದ ಬಿಸಿಲಿಗೆ ಬೆಂದ ಮನೆಗೆ ಆಗ ಜೀವ ಬರುತ್ತದೆ. ಮಕ್ಕಳು ಅಂಗಿ ಬಿಚ್ಚಿ ಬರೀ ನೆಲದ ಮೇಲೆ ಬಿದ್ದುಕೊಳ್ಳುತ್ತವೆ. ನೆಲ ಹಪ್ಪಳದ ಹಾಗೆ ಒಣಗಿ ಗರಿಗರಿಯಾಗಿರುತ್ತದೆ. ಒಂದು ಅಂಚು ಎದ್ದಿಲ್ಲ, ಒಂದು ಹಲಗೆ ಸದ್ದು ಮಾಡುವುದಿಲ್ಲ. ನೋಮ್‌ನಿಂದ ಯಾರ ಮನೆಯ ನೆಲ ಹಾಳಾಗಿದೆ, ನೀನೇ ಹೇಳು. ಹಾಳು ಮಾಡಿದವರು ನೀವು. ತಪ್ಪು ಹೊರಿಸುವುದಕ್ಕೆ ನನ್ನ ಗಂಡ ಸಿಕ್ಕಿದ.

ನಾನು ನಿನ್ನನ್ನು ಕೇಳದೆ ರೈಲು ಹತ್ತಲಿಲ್ಲ. "ಹೋಗು, ನನಗೆ ಕೋಲಿದೆ" ಅಂದವನು ನೀನು. ಆ ಮಾತು ಸುಳ್ಳಾಗಿದ್ದರೆ ಅವತ್ತೇ ಹೇಳಬೇಕಿತ್ತು. ಹದಿನೈದು ವರ್ಷ ಬಾಯಿ ಮುಚ್ಚಿಕೊಂಡಿದ್ದು ಈಗ ಒಂದು ಹಲಗೆ ಎದ್ದದ್ದಕ್ಕೆ ಅದನ್ನೆಲ್ಲ ನನ್ನ ಮುಖಕ್ಕೆ ಎಸೆಯಬೇಡ.

ಲುವಾ


ಹೈಫಾಂಗ್
9 ಏಪ್ರಿಲ್ 2018

ಲುವಾ,

ನಿನ್ನ ಪತ್ರ ಗುರುವಾರ ಬಂತು. ಓದುತ್ತ ಓದುತ್ತ ನನ್ನ ಬೆರಳು ಒಂದು ಸಾಲಿನಲ್ಲಿ ನಿಂತುಬಿಟ್ಟಿತು. ಮುಂದಕ್ಕೆ ಹೋಗಲಿಲ್ಲ. ಅಡುಗೆಮನೆಯಿಂದ ಗಾಮ್ ಅಜ್ಜಿಯನ್ನು ಕರೆದು ಆ ಸಾಲನ್ನು ಗಟ್ಟಿಯಾಗಿ ಓದಿದೆ. ಮುದುಕಿ ಸೌಟು ಕೆಳಗಿಟ್ಟಳು.

"ಇನ್ನೊಂದ್ಸಲ ಓದು," ಅಂದಳು.

ಓದಿದೆ.

"ನೋಮ್ ಬರಲಿ ಅಂತ ಬಾಗಿಲಲ್ಲಿ ಮಣೆ ಹಾಕ್ಕೊಂಡು ಕಾಯ್ತಾರಾ? ಯಾವ ಊರಿನ ಜನಾನೋ ಇವರು? ಮೈಗೆ ಹುಷಾರಿದ್ಯಂತಾ?"

ಲುವಾ, ನಿಮ್ಮೂರಿನಲ್ಲಿ ನೋಮ್ ಅಂದರೆ ಏನು? ತಂಗಾಳಿಯೇ? ಒಣಗಾಳಿಯೇ? ಬೇಸಿಗೆಯ ಮಧ್ಯಾಹ್ನ ಸಮುದ್ರದಿಂದ ಬಂದು ಮೈ ತಂಪು ಮಾಡುವ ಗಾಳಿಗೆ ಅಲ್ಲಿ ನೋಮ್ ಅನ್ನುತ್ತಾರೆಯೇ?

ಹಾಗಿದ್ದರೆ ನಿನಗೆ ನಾನು ನೆನಪಿಸಬೇಕು. ನೀನು ಹುಟ್ಟಿದ ಊರಿನಲ್ಲಿ ನೋಮ್ ಅಂದರೆ ಗೋಡೆ ಬೆವರುವ ಕಾಲ. ಚಳಿಗಾಲದ ತಣ್ಣನೆಯ ನೆಲದ ಮೇಲೆ ಸಮುದ್ರದ ಬೆಚ್ಚನೆಯ ಒದ್ದೆ ಗಾಳಿ ಬಂದು ಕೂತು ನೀರಾಗುವ ಕಾಲ. ಕನ್ನಡಿ ಅಳುತ್ತದೆ, ಉಪ್ಪಿನ ಡಬ್ಬಿಯಲ್ಲಿ ನೀರು ನಿಲ್ಲುತ್ತದೆ, ಒಗೆದ ಚಡ್ಡಿ ಎಂಟು ದಿನವಾದರೂ ಒಣಗುವುದಿಲ್ಲ. ಮಿಯೆನ್ ಅಕ್ಕ ಕಳೆದ ವರ್ಷ ಜಾರಿದ್ದು ಆ ಬೆವರಿನ ಮೇಲೆ, ಸೊಪ್ಪಿನ ನೀರಿನ ಮೇಲಲ್ಲ. ನೋಮ್ ಬಂತು ಅಂದರೆ ಅಮ್ಮ ಏನು ಮಾಡುತ್ತಿದ್ದಳು? ಬಾಗಿಲು ಹಾಕಿ, ಸಂದಿಗೆ ಹಳೆ ಬಟ್ಟೆ ತುರುಕಿ, ಒಣ ಬಟ್ಟೆಯಿಂದ ನೆಲ ಒರೆಸುತ್ತಿದ್ದಳು. ನೀನು ಒಂದು ತುದಿ ಹಿಡಿದು, ನಾನು ಇನ್ನೊಂದು ತುದಿ ಹಿಡಿದು ಆ ಬಟ್ಟೆ ಹಿಂಡಿದ್ದೇವೆ. ಇಪ್ಪತ್ತಾರು ವರ್ಷ ಹಿಂಡಿದ್ದೀಯ.

ನಾವು ಮಾಡಿದ್ದೇನು? ನಿನ್ನ ಹಾಳೆ ಓದಿ, ಆ ನೀರನ್ನು ಕೈಹಿಡಿದು ಒಳಗೆ ಕರೆತಂದೆವು. ಹಲಗೆಯ ಸಂದಿ ಸಂದಿಯಲ್ಲಿ ಇಳಿದು ಅದು ಮರದ ಪುಡಿಯೊಳಗೆ ಕೂತಿತು. ಹಲಗೆ ಒಳ್ಳೆಯದೇ. ತ್ರಿಯೆಮ್ ಕಳ್ಳನಲ್ಲ. ಅದನ್ನು ಮೊದಲು ಬರೆಯಬೇಕಿತ್ತು, ಈಗ ಬರೆದಿದ್ದೇನೆ.

ಈಗ ಇನ್ನೊಂದು. ಮಾರ್ಚ್ 25ನೇ ತಾರೀಕು ಬೆಳಿಗ್ಗೆ ಹತ್ತಕ್ಕೆ ಮಿಯೆನ್ ಅಕ್ಕ ಬಿಸಿ ಟವೆಲ್ಲಿನ ಬೋಗುಣಿ ಹಿಡಿದು ಬೀದಿ ಕಡೆಯ ಕೋಣೆಗೆ ಬರುತ್ತಿದ್ದಳು. ಎರಡೂ ಕೈಯಲ್ಲಿ ಬೋಗುಣಿ, ಕೋಲು ಕಂಕುಳಲ್ಲಿ. ಎದ್ದಿದ್ದ ಅಂಚಿಗೆ ಹೆಬ್ಬೆರಳು ಸಿಕ್ಕಿತು. ಎಡಗೈ ಮೇಲೆಯೇ ಬಿದ್ದಳು. ಅದೇ ಮೂಳೆ, ಎರಡು ತುಂಡು. ಇನ್ನು ಆ ಕೆಲಸ ಆಗದು ಎಂದರು ಡಾಕ್ಟರು. ಅವಳು ಗಂಟು ಕಟ್ಟಿಕೊಂಡು ತಾಯ್‌ಬಿನ್‌ನ ತನ್ನ ತಮ್ಮನ ಮನೆಗೆ ಹೋದಳು. ಮೂವತ್ತು ವರ್ಷ ದುಡಿದ ಕೈ, ಈಗ ತಮ್ಮನ ಹೆಂಡತಿ ಕಲಸಿಕೊಟ್ಟ ಅನ್ನ ತಿನ್ನುತ್ತಿದೆ.

ಮನೆಯಲ್ಲಿ ಎಲ್ಲರೂ ನಿನ್ನನ್ನು ಬೈಯುತ್ತಾರೆ. ನನಗೂ ಸಿಟ್ಟಿದೆ, ಆದರೆ ನೆಲದ ಮೇಲಲ್ಲ. ನೆಲ ಕಿತ್ತು ಬಿಸಾಕಬಹುದು. ನೋಮ್ ಅನ್ನುವ ಪದವನ್ನು ನೀನು ಮರೆತೆ. ನಮ್ಮ ಮನೆಯ ಬೆವರುವ ಗೋಡೆ ನಿನ್ನ ಬಾಯಿಂದ ಹೋಗಿಬಿಟ್ಟಿತು. ಅದಕ್ಕೆ ಸಿಟ್ಟು. ಕಿಟಕಿ ತೆರೆಯುವುದು ಬೇಡ ಬೇಡ ಎಂದು ಗಾಮ್ ಅಜ್ಜಿ ಮೊದಲ ದಿನವೇ ಬಡಿದುಕೊಂಡಳು, ನಾನು "ಹಲಗೆ ವಿಷಯ ನಿನಗೇನು ಗೊತ್ತು, ನನ್ನ ತಂಗಿ ಬರೆದಿದ್ದಾಳೆ" ಅಂದೆ.

ದ್ವಾನ್


ಕ್ವಿನ್ಯೋನ್
18 ಏಪ್ರಿಲ್ 2018

ಅಣ್ಣಾ,

ನಿನ್ನ ಪತ್ರ ಓದಿ ಅಡುಗೆಮನೆಯಲ್ಲಿ ಕೂತುಬಿಟ್ಟೆ. ಮೀನು ಸೀದು ಹೋಯಿತು.

ಆ ಹಾಳೆಯ ಮಾತುಗಳನ್ನು ತ್ರಿಯೆಮ್ ಹೇಳಿದ, ನಾನು ಚುಚ್ಚಿದೆ. "ನೋಮ್ ಬಂದಾಗ" ಎಂದು ಅವನು ಹೇಳುತ್ತಿದ್ದಾಗ ನನ್ನ ತಲೆಗೆ ಬಂದದ್ದು ತೆಂಗಿನ ಗರಿ. ಅಮ್ಮನ ಒಣ ಬಟ್ಟೆ ಬರಲಿಲ್ಲ. ಒಂದು ಕ್ಷಣವೂ ಬರಲಿಲ್ಲ. ಹದಿನೈದು ವರ್ಷದಲ್ಲಿ ಆ ಪದ ನನ್ನ ಬಾಯೊಳಗೇ ಊರು ಬದಲಾಯಿಸಿತು, ನನಗೆ ತಿಳಿಯಲೇ ಇಲ್ಲ.

ಈ ಸಲ ಪತ್ರವನ್ನು ತ್ರಿಯೆಮ್‌ಗೆ ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದೆ. ಅವನಿಗೆ ಮೊದಲು ಅರ್ಥವಾಗಲಿಲ್ಲ. "ನಾವು ಅಮೃತ ಅನ್ನೋದಕ್ಕೆ ನಿಮ್ಮೂರಲ್ಲಿ ವಿಷ ಅಂತಾರಾ?" ಅಂದ. ಆಮೇಲೆ ನನ್ನ ಕಡೆ ತಿರುಗಿದ. "ನಾನಂತೂ ಇಲ್ಲೇ ಹುಟ್ಟಿದೋನು. ನೀನು ಅಲ್ಲಿಯೋಳಲ್ವೇನೇ? ಬರೀತಾ ಇದ್ದಾಗ ಒಂದು ಮಾತು ಅನ್ಬಾರ್ದಾಗಿತ್ತಾ?" ಮದುವೆಯಾದ ಮೇಲೆ ಅವನು ನನ್ನ ಮೇಲೆ ದನಿಯೇರಿಸಿದ್ದು ಅದೇ ಮೊದಲು. ಏರಿಸಲಿ, ನ್ಯಾಯವಾಗಿದೆ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ನಿನ್ನ ಮೊದಲ ಪತ್ರವನ್ನು ನಾನು ಅವನಿಗೆ ತೋರಿಸಲೇ ಇಲ್ಲ. ಕಳ್ಳ ಅಂದದ್ದು ಅವನ ಕಿವಿಗೆ ಬೀಳಬಾರದು ಎಂದು ಅಕ್ಕಿ ಡಬ್ಬದ ಹಿಂದೆ ಇಟ್ಟೆ. ಅವತ್ತೇ ಓದಿ ಹೇಳಿದ್ದರೆ ಮಾರನೆಯ ದಿನ ಬಸ್ ಹತ್ತುತ್ತಿದ್ದ. ಮಾರ್ಚ್ 15ಕ್ಕೆ ನಿಮ್ಮ ಮನೆಯ ಗೋಡೆ ಮುಟ್ಟಿ ನೋಡಿ ಕಿಟಕಿ ತೆರೆಯಬೇಡಿ ಅನ್ನುತ್ತಿದ್ದ, ಎದ್ದ ಹಲಗೆ ಬಿಚ್ಚುತ್ತಿದ್ದ. 25ನೇ ತಾರೀಕು ಬರುತ್ತಲೇ ಇರಲಿಲ್ಲ. ಮಿಯೆನ್ ಅಕ್ಕನ ಆ ಮಣಿಕಟ್ಟಿನಲ್ಲಿ ನನ್ನ ಪಾಲು ಎರಡು.

ಆದರೆ ಅಣ್ಣಾ, ನಿನ್ನ ಪಾಲು ಎಲ್ಲಿ?

ನಾನು ಮರೆತೆ. ನೀನು? ಚಿಕ್ಕಂದಿನಲ್ಲಿ ಚಾಪೆಯ ಮೇಲೆ ಮಲಗಿದ್ದು ಅಂಗಾಲನ್ನು ನೆಲಕ್ಕೆ ಒತ್ತಿ, "ನಾಳೆ ನೋಮ್ ಬರುತ್ತೆ, ಅಮ್ಮ" ಅನ್ನುತ್ತಿದ್ದೆ. ಒಂದು ಸಲವೂ ತಪ್ಪಿದ್ದಿಲ್ಲ. ಅಂಥ ಕಾಲಿನವನು ಆ ಒದ್ದೆ ನೆಲದ ಮೇಲೆ ನಿಂತು ಕಿಟಕಿ ತೆರೆದೆ. ಗಾಮ್ ಅಜ್ಜಿ ಬಡಿದುಕೊಂಡರೂ ತೆರೆದೆ. ಮೊದಲ ಸಲದ್ದು ಬಿಡು, ಹಾಳೆ ಬರೆದವಳು ನಾನು. ಎರಡನೆಯ ಸಲ? ನೆಲ ಎದ್ದ ಮೇಲೆ, ಎದ್ದದ್ದು ಯಾತರಿಂದ ಎಂದು ನಿನಗೆ ಗೊತ್ತಾದ ಮೇಲೆ, ಇಟ್ಟಿಗೆ ಅಡ್ಡ ಇಟ್ಟು ತೆರೆದೆಯಲ್ಲ, ಅದು ಯಾರ ಮಾತಿಗೆ? "ನೋಡಿಯೇಬಿಡೋಣ" ಎಂದು ಬರೆದಿದ್ದೀಯ. ಆ ಪತ್ರ ನನ್ನ ಎದುರಿಗಿದೆ. ನೀನು ನನ್ನನ್ನು ಸೋಲಿಸುವುದಕ್ಕೆ ಕಿಟಕಿ ತೆರೆದೆ. ಆ ನೆಲದ ಮೇಲೆ ಮಿಯೆನ್ ಅಕ್ಕ ಓಡಾಡುತ್ತಿದ್ದಾಳೆ ಅನ್ನುವುದು ನಿನಗೆ ಗೊತ್ತಿರಲಿಲ್ಲವೇ?

ಮನೆಯವರೆಲ್ಲ ನನ್ನನ್ನು ಬೈಯುತ್ತಾರೆ ಎಂದು ಬರೆದೆ. ಬೈಯಲಿ. ನೀನು ಅವರಿಗೆ ಇಟ್ಟಿಗೆಯ ವಿಷಯ ಹೇಳಿದ್ದೀಯಾ? ಮಿಯೆನ್ ಅಕ್ಕನಿಗೆ ಹೇಳಿದ್ದೀಯಾ? ಹೇಳಿಲ್ಲ. ನೀನು ಬರೆಯದೆ ಬಿಟ್ಟದ್ದನ್ನೂ ಓದಲು ನನಗೆ ಬರುತ್ತದೆ. ಹೇಳುವವರೆಗೆ ನನಗೆ ಕಾಗದ ಹಾಕಬೇಡ.

ತ್ರಿಯೆಮ್ ಹೇಳಿದ್ದನ್ನು ಮಾತ್ರ ಬರೆದು ಮುಗಿಸುತ್ತೇನೆ. ಉಬ್ಬಿದ ಹಲಗೆ ಮತ್ತೆ ಇಳಿಯುವುದಿಲ್ಲ, ಉಜ್ಜಿ ಸರಿ ಮಾಡಲು ಹೋಗಬೇಡಿ. ಅಂಚಿನ ಪಟ್ಟಿ ತೆಗೆದು ಗೋಡೆಯ ಕಡೆಯಿಂದ ಬಿಚ್ಚಿ ಹೊರಗೆ ಹಾಕಿ. ಯಾರಾದರೂ ಕಣ್ಣಿರುವವರು ಇಲ್ಲದೆ ಬಿಚ್ಚಬೇಡಿ.

ಲುವಾ


ಹೈಫಾಂಗ್
14 ಮೇ 2018

ಲುವಾ,

ಹೇಳಿ ಬಂದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಮನೆಯವರಿಗೆ ಹೇಳಿದೆ. ಐದು ಜನ ಒಂದೇ ತಟ್ಟೆಯ ಸುತ್ತ ಕೂತಿದ್ದಾಗ. ಯಾರೂ ಬೈಯಲಿಲ್ಲ. ಒಬ್ಬ ಎದ್ದು ಹೋಗಿ ತನ್ನ ಬಟ್ಟಲು ತೊಳೆದ, ಅಷ್ಟೇ. ಮನೆಯ ಯಜಮಾನಿಕೆ ನನಗಿನ್ನು ಬೇಡ ಅಂದೆ. ಬೇಡ ಅನ್ನಬೇಡ ಎಂದು ಒಬ್ಬರೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನೀನು ಕೇಳಿದ ಪ್ರಶ್ನೆಗೆ ಉತ್ತರ. ಮೊದಲ ಸಲ ಯಾಕೆ ತೆರೆದೆ ಅಂದರೆ, ನೀನು ಬರೆದಿದ್ದೆ. ಸ್ಕೂಲಿಗೆ ಹೋಗುವಾಗ ನೀನು "ಮೆಟ್ಟಿಲು" ಅನ್ನುತ್ತಿದ್ದೆ, ನಾನು ಕಾಲೆತ್ತುತ್ತಿದ್ದೆ. "ಚರಂಡಿ" ಅನ್ನುತ್ತಿದ್ದೆ, ದಾಟುತ್ತಿದ್ದೆ. ಮೆಟ್ಟಿಲಿದೆಯೇ ಎಂದು ಕೋಲಿನಿಂದ ತಟ್ಟಿ ನೋಡಿದ್ದಿಲ್ಲ. ಬೇರೆ ಯಾರು ಹೇಳಿದರೂ ತಟ್ಟಿ ನೋಡುತ್ತೇನೆ. ಆ ದಿನ ನನ್ನ ಅಂಗಾಲು "ಮುಚ್ಚು" ಅಂದಿತು, ನಿನ್ನ ಹಾಳೆ "ತೆರೆ" ಅಂದಿತು. ನಾನು ಅಂಗಾಲಿಗೆ ಬುದ್ಧಿ ಹೇಳಿದೆ. ಆಮೇಲೆ ಅದೇ ಸಿಟ್ಟಾಯಿತು. ಎರಡನೆಯ ಸಲದ್ದು ನೀನು ಬರೆದ ಹಾಗೆಯೇ. ಒಂದು ಅಕ್ಷರ ಹೆಚ್ಚಿಲ್ಲ, ಕಮ್ಮಿಯಿಲ್ಲ.

ಶುಕ್ರವಾರ ಬಸ್ಸಿನಲ್ಲಿ ತಾಯ್‌ಬಿನ್‌ಗೆ ಹೋದೆ. ಮಿಯೆನ್ ಅಕ್ಕ ತಮ್ಮನ ಮನೆಯ ಹಿತ್ತಿಲಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದಳು, ಒಂದೇ ಕೈಯಲ್ಲಿ, ಹಲ್ಲಿನಲ್ಲಿ ಕಚ್ಚಿ. ಸದ್ದಿನಿಂದಲೇ ತಿಳಿಯಿತು. ನಾನು ಕೂತೆ. ನೀರು ಕೊಡಲಿಲ್ಲ. ಎಲ್ಲ ಹೇಳಿದೆ. ನೋಮ್ ಅಂದರೆ ನಿಮ್ಮೂರಿನಲ್ಲಿ ಏನು, ಹಾಳೆಯಲ್ಲಿ ಹೇಗೆ ತಪ್ಪಾಯಿತು, ಇಟ್ಟಿಗೆ ಯಾರಿಟ್ಟದ್ದು, ಯಾಕಿಟ್ಟದ್ದು. ಅವಳು ಕಡಲೆಕಾಯಿ ಬಿಡಿಸುವುದು ನಿಲ್ಲಿಸಲಿಲ್ಲ.

"ಇಟ್ಟಿಗೆ ಇಟ್ಟಿದ್ದು ನೀನೇ ಅಂತ ಗೊತ್ತಿತ್ತು," ಅಂದಳು. "ಅವತ್ತು ಬೆಳಿಗ್ಗೆ ನೀನು ಇಟ್ಟಿಗೆ ಎಳ್ಕೊಂಡು ಹೋಗಿದ್ದು ಕೇಳಿಸ್ತು. ಏನೋ ಕಾರಣ ಇರುತ್ತೆ, ಮನೆ ಯಜಮಾನ ಅಂತ ಸುಮ್ನಿದ್ದೆ."

"ಅಕ್ಕ, ತಂಗಿ ಬರೆದಿದ್ದು ನೋಡಿ ಸಿಟ್ಟು ಬಂದು..."

"ನಿನ್ನ ತಂಗಿ ಮರೆತ್ಲು ಕಣೋ. ನೀನು ಮರ್ತಿರ್ಲಿಲ್ಲ."

ಅಷ್ಟೇ ಅಂದಳು. ನಾನು ಅಲ್ಲಿಯವರೆಗೆ ಸಿಟ್ಟನ್ನೆಲ್ಲ ಹೊತ್ತುಕೊಂಡು ಹೋಗಿದ್ದೆ, ನಿನ್ನ ಮೇಲಿನದು, ತ್ರಿಯೆಮ್ ಮೇಲಿನದು, ಆ ಪದದ ಮೇಲಿನದು. ಎಲ್ಲಿಡುವುದೆಂದು ತಿಳಿಯದೆ ಹಾಗೇ ಕೂತಿದ್ದೆ. ಮನೆಗೆ ಬಾ ಅಕ್ಕ, ಕೆಲಸ ಮಾಡಬೇಡ, ಟೆಲಿಫೋನ್ ನೋಡಿಕೋ, ಗಿರಾಕಿಗಳ ಹೆಸರು ನೆನಪಿಟ್ಟುಕೋ, ಸುಮ್ಮನೆ ಇರು ಅಂದೆ.

"ಸುಮ್ನೆ ಇರೋಕೆ ಇಲ್ಲೇ ಜಾಗ ಇದೆ," ಅಂದಳು. "ಬರಲ್ಲ. ಇನ್ನೊಂದ್ಸಲ ಕೇಳ್ಬೇಡ. ಬಸ್ಸಿಗೆ ಹೊತ್ತಾಯ್ತು, ಹೊರಡು."

ನಾಲ್ಕು ಗಂಟೆಯ ಬಸ್ಸಿಗೆ ವಾಪಸು ಬಂದೆ.

ನೆಲ ಕಿತ್ತಾಯಿತು. ಗಾಮ್ ಅಜ್ಜಿಯ ಮಗ ಬಂದು ಬಿಚ್ಚಿದ. ಕೆಳಗಿನ ಪ್ಲಾಸ್ಟಿಕ್ ಹಾಳೆಯ ಮೇಲೆ ಕೈಯಾಡಿಸಿದೆ, ಒಂದು ಹರಕಿಲ್ಲ. ನಿನ್ನ ಗಂಡ ಕೆಳಗಿನಿಂದ ನೀರು ಬಾರದ ಹಾಗೆ ಮಾಡಿದ್ದ. ಅದು ಮೇಲಿನಿಂದ ಬಂದರೆ ಅವನೇನು ಮಾಡಬೇಕು. ಈಗ ಮತ್ತೆ ಬರೀ ಟೈಲ್ಸ್ ಮೇಲೆ ಇದ್ದೇವೆ. ಮಳೆಗಾಲ ಹೇಗೋ ಕಳೆಯುತ್ತದೆ. ಮುಂದಿನ ನೋಮ್‌ಗೆ ಮುಂಚೆ ಹೊಸ ನೆಲ ಬೇಕು ಎಂದು ಮನೆಯವರು ಹೇಳುತ್ತಾರೆ. ನಾನು ಕೇಳುವ ಹಕ್ಕು ಕಳೆದುಕೊಂಡವನು, ಅವರ ಪರವಾಗಿ ಬರೆಯುತ್ತಿದ್ದೇನೆ. ಹಲಗೆ ತ್ರಿಯೆಮ್‌ನದೇ ಆಗಲಿ ಅನ್ನುತ್ತಾರೆ. ಒಣ ಹವೆಯ ಅಕ್ಟೋಬರಿನಲ್ಲಿ ಬರಲಿ. ನೋಡಿಕೊಳ್ಳುವ ಕ್ರಮವನ್ನು ಈ ಸಲ ಗಾಮ್ ಅಜ್ಜಿ ಹೇಳುತ್ತಾಳೆ, ನಾನು ಚುಚ್ಚುತ್ತೇನೆ. ಗೋಡೆ ಬೆವರಿದರೆ ಬಾಗಿಲು ಕಿಟಕಿ ಭದ್ರ, ಸಂದಿಗೆ ಬಟ್ಟೆ, ಹವೆಯ ನೀರು ಹೀರುವ ಯಂತ್ರ ಹಗಲೂ ರಾತ್ರಿ, ಕೈಯಲ್ಲಿ ಒಣ ಬಟ್ಟೆ. ಯಾರ ಕಾಗದ ಬಂದರೂ ಇದು ಬದಲಾಗುವುದಿಲ್ಲ. ನೀನೂ ಅವನ ಜೊತೆ ಬಂದರೆ ಬೇಡ ಅನ್ನುವುದಿಲ್ಲ. ಬಂದರೆ ಫೆಬ್ರವರಿಯವರೆಗೆ ಇರು, ಅಮ್ಮನ ಬಟ್ಟೆಯ ಒಂದು ತುದಿ ಹಿಡಿಯುವವರು ಬೇಕು.

ಅಳತೆ ಹಳೆಯದೇ. ನಾವೀಗ ಮನೆಯಲ್ಲಿ ಐದು ಜನ. ಆದರೆ ಹಲಗೆಯನ್ನು ಹಿಂದಿನಂತೆ ಆರೂ ಜನರ ಕೋಣೆಗೆ ತರಲು ತ್ರಿಯೆಮ್‌ಗೆ ಹೇಳು. ಆರನೆಯದಕ್ಕೆ, ಮಿಯೆನ್ ಅಕ್ಕನ ಕೋಣೆಗೆ, ಮೊದಲು ಹಾಕಲಿ.

ದ್ವಾನ್